ಡ್ರಮ್ಸ್ ಕಲಿಯಲು ಶುರು ಮಾಡಿದ ಮೇಲೆ ಹೊಸ ಸಂಗೀತ ಹುಡುಕುವುದು ಹೇಗೆ?

ಹೊಸ ಕೋಲು

ನಲವತ್ತು ದಾಟಿದ ಮೇಲೆ ಡ್ರಮ್ಸ್ ಕಲಿಯಲು ಶುರು ಮಾಡಿದ್ದೇನೆ. ಪಾಠ ಚೆನ್ನಾಗಿ ನಡೆಯುತ್ತಿದೆ. ಸರಳವಾದ ಬೀಟ್ ಕೈಗೆ ಕೂತಿದೆ: ಬಲಗೈ ಹೈ-ಹ್ಯಾಟ್ (ಜೋಡಿ ಲೋಹದ ತಟ್ಟೆ) ಮೇಲೆ ಎಂಟು ಸಲ, ಒಂದು ಮತ್ತು ಮೂರಕ್ಕೆ ಕಿಕ್ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್), ಎರಡು ಮತ್ತು ನಾಲ್ಕಕ್ಕೆ ಸ್ನೇರ್ (ಮುಂದಿರುವ ಚಿಕ್ಕ ಡ್ರಮ್). ಈಗ ನನ್ನ ಪ್ರಶ್ನೆ ಇರುವುದು ಕೇಳುವುದರ ಬಗ್ಗೆ.

ಮೊದಲು ಹಾಡು ಅಂದರೆ ನನಗೆ ಸಾಹಿತ್ಯ, ರಾಗ, ಹಾಡುವವರ ದನಿ. ಈಗ ಯಾವ ಹಾಡು ಹಾಕಿದರೂ ಕಿಕ್ ಎಲ್ಲಿ ಬಿತ್ತು, ಸ್ನೇರ್ ಎಲ್ಲಿ ಬಿತ್ತು ಅಂತ ಕಿವಿ ಅಲ್ಲಿಗೇ ಓಡುತ್ತದೆ. ಇದರಿಂದ ತುಂಬಾ ಖುಷಿಯಾಗುತ್ತಿದೆ. ಆದರೆ ಇಷ್ಟು ವರ್ಷ ಕೇಳಿಕೊಂಡು ಬಂದ ಹಾಡುಗಳಲ್ಲಿ ಅರ್ಧದಷ್ಟು ಮೆಷಿನ್ ತಾಳದವು. ಉಳಿದವು ನನ್ನ ಕೈಗೆ ಸಿಗದಷ್ಟು ವೇಗದವು. ಆ್ಯಪ್ ಕೂಡ ನಾನು ಹಿಂದೆ ಕೇಳಿದ್ದನ್ನೇ ಸುತ್ತಿ ಬಳಸಿ ಮತ್ತೆ ಕೊಡುತ್ತದೆ.

ಡ್ರಮ್ಸ್‌ಗೋಸ್ಕರ ಅಂತ ಹೊಸ ಸಂಗೀತ ಕೇಳಬೇಕು ಅನ್ನಿಸಿದೆ. ಎಲ್ಲಿಂದ ಶುರು ಮಾಡಲಿ? ಬರೀ ಹಾಡುಗಳ ಪಟ್ಟಿ ಬೇಡ. ನೀವು ಹೇಗೆ ಹುಡುಕುತ್ತೀರಿ, ಅದನ್ನು ಹೇಳಿ.

ಹಳೆ ರೆಕಾರ್ಡ್

ಹಾಡುಗಾರರ ಹೆಸರು ಸ್ವಲ್ಪ ದಿನ ಬದಿಗಿಡಿ. ಡ್ರಮ್ಮರ್ ಹೆಸರು ಹಿಡಿದು ಹೋಗಿ. ನನಗೆ ಇದಕ್ಕಿಂತ ಒಳ್ಳೆಯ ದಾರಿ ಇನ್ನೂ ಸಿಕ್ಕಿಲ್ಲ.

ಇದು ಯಾಕೆ ಕೆಲಸ ಮಾಡುತ್ತದೆ ಅಂದರೆ, ಅರವತ್ತು-ಎಪ್ಪತ್ತರ ದಶಕದಲ್ಲಿ ಅಮೆರಿಕದ ಅನೇಕ ಸ್ಟುಡಿಯೊಗಳಲ್ಲಿ ಕಾಯಂ ವಾದ್ಯ ತಂಡ ಇರುತ್ತಿತ್ತು. ಹಾಡುವವರು ಬರುತ್ತಿದ್ದರು, ಹೋಗುತ್ತಿದ್ದರು. ಹಿಂದೆ ಕೂತು ನುಡಿಸುವವರು ಅವರೇ. ಹಾಗಾಗಿ ಒಬ್ಬ ಡ್ರಮ್ಮರ್ ಹಿಂದೆ ಹೋದರೆ ನೀವು ಎಂದೂ ಹೆಸರು ಕೇಳಿರದ ಹತ್ತಾರು ಗಾಯಕರು ಸಿಗುತ್ತಾರೆ. ಜೊತೆಗೆ ನಿಮ್ಮ ಕಿವಿಗೆ ಒಂದು ಪರಿಚಯದ ಕೈ ಎಲ್ಲ ಕಡೆ ಇರುತ್ತದೆ. ಹೊಸ ಶೈಲಿಗೆ ಹೋದಾಗ ಪರಕೀಯ ಅನ್ನಿಸುವುದಿಲ್ಲ.

ಮೆಂಫಿಸ್‌ನ ಸ್ಟ್ಯಾಕ್ಸ್ ಸ್ಟುಡಿಯೊದ ಆಲ್ ಜಾಕ್ಸನ್ ಜೂನಿಯರ್ ಅವರಿಂದ ಶುರು ಮಾಡಿ ಅನ್ನುತ್ತೇನೆ. 1962ರ 'ಗ್ರೀನ್ ಆನಿಯನ್ಸ್' ಕೇಳಿ. ಅದರಲ್ಲಿ ಹಾಡೇ ಇಲ್ಲ. ಆರ್ಗನ್, ಗಿಟಾರ್, ಬಾಸ್, ಡ್ರಮ್ಸ್ ಅಷ್ಟೇ. ಡ್ರಮ್ಸ್‌ನಲ್ಲಿ ಬೇಡದ ಒಂದು ಪೆಟ್ಟೂ ಇಲ್ಲ. ಆಮೇಲೆ ವಿಲ್ಸನ್ ಪಿಕೆಟ್ ಹಾಡಿದ 1965ರ 'ಇನ್ ದ ಮಿಡ್‌ನೈಟ್ ಅವರ್' ಹಾಕಿ, ಎರಡು ಮತ್ತು ನಾಲ್ಕನೇ ಎಣಿಕೆಗೆ ಕಿವಿ ಕೊಡಿ. ಸ್ನೇರ್ ಕೂದಲೆಳೆಯಷ್ಟು ತಡವಾಗಿ ಬೀಳುತ್ತದೆ. ಆಗಿನ ಒಂದು ಕುಣಿತದ ಹೆಜ್ಜೆಗೆ ಹೊಂದಲಿ ಅಂತ ಬೇಕೆಂದೇ ಹಾಗೆ ನುಡಿಸಿದ್ದು. ನೀವು ಪಾಠದಲ್ಲಿ ನುಡಿಸುವ ಅದೇ ಬೀಟ್ ಅದು, ಆದರೆ ಸ್ನೇರ್ ಒಂಚೂರು ಹಿಂದೆ ಸರಿದದ್ದಕ್ಕೆ ಇಡೀ ಹಾಡಿನ ನಡಿಗೆಯೇ ಬೇರೆಯಾಗಿದೆ. ಅದೇ ಕೈ ಓಟಿಸ್ ರೆಡ್ಡಿಂಗ್ ಹಾಡುಗಳಲ್ಲೂ ಇದೆ. ಆಲ್ ಗ್ರೀನ್ ಹಾಡಿದ 'ಲೆಟ್ಸ್ ಸ್ಟೇ ಟುಗೆದರ್' ಬರೆದವರಲ್ಲಿ ಈ ಡ್ರಮ್ಮರ್ ಕೂಡ ಒಬ್ಬರು.

ಅಲ್ಲಿಂದ ರೋಜರ್ ಹಾಕಿನ್ಸ್ ಕಡೆ ಬನ್ನಿ. ಅಲಬಾಮಾದ ಮಸಲ್ ಶೋಲ್ಸ್ ಅನ್ನುವ ಚಿಕ್ಕ ಊರಿನ ಸ್ಟುಡಿಯೊ ತಂಡದವರು. ಅರೀಥಾ ಫ್ರಾಂಕ್ಲಿನ್ ಅವರ 1967ರ 'ರಿಸ್ಪೆಕ್ಟ್', ಸ್ಟೇಪಲ್ ಸಿಂಗರ್ಸ್ ಅವರ 1972ರ 'ಐ'ಲ್ ಟೇಕ್ ಯು ದೇರ್', ಪಾಲ್ ಸೈಮನ್ ಅವರ 1973ರ 'ಕೋಡಾಕ್ರೋಮ್' ಮೂರರಲ್ಲೂ ಇರುವುದು ಅವರೇ. ಸೋಲ್, ಗಾಸ್ಪೆಲ್, ಪಾಪ್. ಯಾವ ಆ್ಯಪ್ ಈ ಮೂರನ್ನು ಒಂದೇ ಸಾಲಿನಲ್ಲಿ ಇಟ್ಟುಕೊಡುತ್ತದೆ ಹೇಳಿ?

ಹೆಸರು ಹುಡುಕುವುದು ಎಲ್ಲಿ ಅಂದರೆ, ಆಲ್ಬಮ್ಮಿನ ಹಿಂಬದಿಯಲ್ಲಿ ಅಚ್ಚಾದದ್ದು ಎಲ್ಲಕ್ಕಿಂತ ಒಳ್ಳೆಯದು. ಡಿಸ್ಕಾಗ್ಸ್ ಅನ್ನುವ ರೆಕಾರ್ಡ್ ಮಾಹಿತಿಯ ವೆಬ್‌ಸೈಟಿನಲ್ಲಿ ಆಲ್ಬಂ ಹೆಸರು ಹಾಕಿದರೆ ಸಾಮಾನ್ಯವಾಗಿ ನುಡಿಸಿದವರ ಹೆಸರು ಸಿಗುತ್ತದೆ. ಸ್ಟ್ರೀಮಿಂಗ್ ಆ್ಯಪ್‌ಗಳು ಎಷ್ಟೋ ಸಲ ಬರೆದವರ, ನಿರ್ಮಿಸಿದವರ ಹೆಸರಿಗೇ ನಿಂತುಬಿಡುತ್ತವೆ. ನುಡಿಸಿದವರಿಗೆ ಇದು ನಿಜಕ್ಕೂ ಅನ್ಯಾಯ.

ಎಡಗೈ

ಹಳೆ ರೆಕಾರ್ಡ್ ಹೇಳಿದ್ದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ. ಎಡಗೈಯವರಿಗೆ ಒಂದು ಹೆಸರು ಸೇರಿಸುತ್ತೇನೆ. ರಿಂಗೊ ಸ್ಟಾರ್ ಎಡಗೈಯವರು, ಆದರೆ ಬಲಗೈಯವರಿಗೆ ಜೋಡಿಸಿದ ಕಿಟ್‌ನಲ್ಲೇ ನುಡಿಸಿದರು. ಅದಕ್ಕೇ ಅವರ ಫಿಲ್‌ಗಳು (ಬೀಟ್ ನಡುವೆ ತುಂಬುವ ಚಿಕ್ಕ ತುಣುಕುಗಳು) ಟಾಮ್ ಅನ್ನುವ ಡ್ರಮ್‌ಗಳ ಮೇಲೆ ಓಡುವ ರೀತಿ ಬೇರೆ ಯಾರ ಹಾಗೂ ಇಲ್ಲ. 1969ರ 'ಕಮ್ ಟುಗೆದರ್' ಶುರುವಿನಲ್ಲೇ ಅದು ಕೇಳಿಸುತ್ತದೆ. ತುಂಬಾ ಕೇಳಿದ ಹಾಡು ಅಂತ ದಾಟಿ ಹೋಗಬೇಡಿ, ಡ್ರಮ್ಸ್‌ಗೋಸ್ಕರ ಮತ್ತೆ ಕೇಳಿ.

ಮೆಲುಪೆಟ್ಟು

ನಾನು ಹುಡುಕುವ ರೀತಿ ಬೇರೆ. ಒಂದು ಬೀಟ್ ಹಿಡಿಯುತ್ತೇನೆ, ಅದು ಯಾವ ಹಾಡಿನಿಂದ ಯಾವ ಹಾಡಿಗೆ ದಾಟಿತು ಅಂತ ನೋಡುತ್ತಾ ಹೋಗುತ್ತೇನೆ. ಒಂದು ಉದಾಹರಣೆ ಕೊಡುತ್ತೇನೆ, ಸ್ವಲ್ಪ ಉದ್ದವಾಗಬಹುದು.

ಶಫಲ್ ಗೊತ್ತಲ್ವಾ? ಪ್ರತಿ ಎಣಿಕೆಯನ್ನು ಮೂರು ಭಾಗ ಮಾಡಿ ನಡುವಿನದ್ದನ್ನು ಬಿಡುವುದು. ತಕಿಟ ಅಂತ ಹೇಳಿಕೊಂಡು 'ಕಿ' ನುಂಗಿಬಿಟ್ಟರೆ ಅದೇ ಶಫಲ್. ಬರ್ನಾರ್ಡ್ ಪರ್ಡಿ ಅನ್ನುವ ಡ್ರಮ್ಮರ್ ಇದನ್ನು ಅರ್ಧ ವೇಗದ ನಡೆಗೆ ಹೊಂದಿಸಿದರು. ಹೈ-ಹ್ಯಾಟ್ ಮೇಲೆ ಶಫಲ್ ಹೋಗುತ್ತಲೇ ಇರುತ್ತದೆ. ಸ್ನೇರ್‌ನ ಜೋರು ಪೆಟ್ಟು ಬೀಳುವುದು ಮೂರಕ್ಕೆ ಮಾತ್ರ. ಬಿಟ್ಟ ಆ 'ಕಿ' ಜಾಗದಲ್ಲಿ ಎಡಗೈ ಸ್ನೇರ್ ಮೇಲೆ ಕೇಳಿಸಿಯೂ ಕೇಳಿಸದ ಹಾಗೆ ಮುಟ್ಟುತ್ತದೆ. ಅದಕ್ಕೆ ಘೋಸ್ಟ್ ನೋಟ್ ಅನ್ನುತ್ತಾರೆ. ಸ್ಟೀಲಿ ಡ್ಯಾನ್ ತಂಡದ 1977ರ 'ಹೋಮ್ ಅಟ್ ಲಾಸ್ಟ್' ಹಾಡಿನಲ್ಲಿ ಇದು ಸ್ಪಷ್ಟವಾಗಿ ಸಿಗುತ್ತದೆ.

ಎರಡು ವರ್ಷದ ಮೇಲೆ, 1979ರಲ್ಲಿ, ಲೆಡ್ ಜೆಪ್ಪೆಲಿನ್ ತಂಡದ ಜಾನ್ ಬಾನಮ್ ಇದೇ ಜಾತಿಯ ಶಫಲ್ ಅನ್ನು 'ಫೂಲ್ ಇನ್ ದ ರೇನ್' ಹಾಡಿಗೆ ತಂದರು. ಅವರ ಕೈ ಭಾರ, ಹಾಗಾಗಿ ಬಣ್ಣ ಬೇರೆ. 1982ರಲ್ಲಿ ಟೋಟೊ ತಂಡದ ಜೆಫ್ ಪೊರ್ಕಾರೊ 'ರೋಸಾನಾ' ಹಾಡಿಗೆ ಪರ್ಡಿ ಅವರದ್ದನ್ನೂ ಬಾನಮ್ ಅವರದ್ದನ್ನೂ ಕೂಡಿಸಿ, ಕಿಕ್‌ಗೆ ಗಾಯಕ ಬೋ ಡಿಡ್ಲಿ ಹೆಸರಿನ ತಾಳವನ್ನು ಇಟ್ಟರು. ಇದು ನನ್ನ ಊಹೆ ಅಲ್ಲ, ಎಲ್ಲೆಲ್ಲಿಂದ ತೆಗೆದುಕೊಂಡೆ ಅಂತ ಪೊರ್ಕಾರೊ ಅವರೇ ನುಡಿಸಿ ತೋರಿಸಿ ವಿವರಿಸಿದ್ದಾರೆ.

ಈ ಮೂರು ಹಾಡನ್ನು ಒಂದಾದ ಮೇಲೊಂದು ಕೇಳಿ. ನುಡಿಸಲು ಹೋಗಬೇಡಿ, ಹೊಸಬರಿಗೆ ಇದು ಕಷ್ಟದ ಬೀಟ್. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಒಂದು ಲಯ ಹೇಗೆ ಹೋಗುತ್ತದೆ ಅನ್ನುವುದನ್ನು ಒಮ್ಮೆ ಕೇಳಿಸಿಕೊಂಡರೆ ಸಾಕು. ಆಮೇಲೆ ಯಾವ ಹೊಸ ಹಾಡು ಕೇಳಿದರೂ 'ಇದು ಎಲ್ಲಿಂದ ಬಂತು?' ಅಂತ ಮನಸ್ಸು ತಾನೇ ಕೇಳುತ್ತದೆ. ಜಾಝ್‌ಗೆ ಬೆನ್ನು ಹಾಕಿದ್ದ ನನ್ನನ್ನು ಅಲ್ಲಿಗೆ ಎಳೆದುಕೊಂಡು ಹೋದದ್ದು ಶಫಲ್ಲೇ.

ಕಿಕ್ ಸ್ನೇರ್

ಕೇಳಲು ಇವೆಲ್ಲ ಚೆಂದ. ಜೊತೆಗೆ ನುಡಿಸಲು ಏನಾದರೂ ಬೇಕಲ್ವಾ? ಹೊಸಬರಿಗೆ ನಾನು ಹೇಳುವುದು ವೇಗ ನೋಡಿ ಆರಿಸಿ ಅಂತ. ನಿಮ್ಮ ಬೀಟ್ ಮೆಟ್ರೊನೋಮ್ (ಟಿಕ್ ಟಿಕ್ ಅಂತ ವೇಗ ಹಿಡಿದು ಕೊಡುವ ಸಾಧನ) ಜೊತೆ ಎಷ್ಟಕ್ಕೆ ನಿಲ್ಲುತ್ತದೆ ಅಂತ ಮೊದಲು ತಿಳಿದುಕೊಳ್ಳಿ. ಆ ವೇಗದ ಹಾಡುಗಳನ್ನೇ ಹುಡುಕಿ. ಹಾಡಿನ ಹೆಸರಿನ ಜೊತೆ 'ಬಿಪಿಎಂ' (ನಿಮಿಷಕ್ಕೆ ಎಷ್ಟು ಎಣಿಕೆ) ಅಂತ ಹಾಕಿದರೆ ಸಂಖ್ಯೆ ಸಿಗುತ್ತದೆ. ಆದರೆ ಕೆಲವೊಮ್ಮೆ ಅದು ದುಪ್ಪಟ್ಟೋ ಅರ್ಧವೋ ಆಗಿರುತ್ತದೆ, ಕಾಲು ತಟ್ಟಿ ನೋಡಿಕೊಳ್ಳಿ.

ಎಸಿ/ಡಿಸಿ ತಂಡದ 1980ರ 'ಬ್ಯಾಕ್ ಇನ್ ಬ್ಲ್ಯಾಕ್' ನಿಮಿಷಕ್ಕೆ ತೊಂಬತ್ತರ ಆಸುಪಾಸಿನಲ್ಲಿದೆ. ಫಿಲ್ ರಡ್ ಅದರಲ್ಲಿ ನುಡಿಸಿದ್ದು ಹೆಚ್ಚುಕಮ್ಮಿ ನಿಮ್ಮ ಪಾಠದ ಬೀಟೇ. ಮೈಕಲ್ ಜಾಕ್ಸನ್ ಅವರ 'ಬಿಲೀ ಜೀನ್' ಸುಮಾರು 117. ಅದು ಮೆಷಿನ್ ಅಂದುಕೊಳ್ಳುವವರು ಜಾಸ್ತಿ, ಆದರೆ ಅದರಲ್ಲಿ ಡ್ರಮ್ಸ್ ನುಡಿಸಿದ್ದು ಎನ್ಡುಗು ಚಾನ್ಸ್ಲರ್. ಹೈ-ಹ್ಯಾಟ್, ಕಿಕ್, ಸ್ನೇರ್ ಮೂರೇ. ಅಷ್ಟು ಸಮವಾಗಿ ಕೊನೆತನಕ ಹಿಡಿದಿಡುವುದು ಎಂಥ ಕೆಲಸ ಅನ್ನುವುದು ಜೊತೆಗೆ ನುಡಿಸಿದರೇ ಗೊತ್ತಾಗುವುದು.

ಇನ್ನೊಂದು, ಯಾರೂ ಹೊಸಬರಿಗೆ ಹೇಳದ ಜಾಗ: ಎಪ್ಪತ್ತರ ದಶಕದ ಜರ್ಮನ್ ರಾಕ್. ನೋಯ್ ಅನ್ನುವ ತಂಡದ 1972ರ ಮೊದಲ ಆಲ್ಬಮ್ಮಿನ ಮೊದಲ ಟ್ರ್ಯಾಕ್ 'ಹಲ್ಲೊಗಲ್ಲೊ'. ಹತ್ತು ನಿಮಿಷ. ಕ್ಲೌಸ್ ಡಿಂಗರ್ ಒಂದೇ ನೇರ ನಾಲ್ಕರ ಬೀಟ್ ಹಿಡಿದು ಹೋಗುತ್ತಲೇ ಇರುತ್ತಾರೆ. ಅದರ ಜೊತೆ ಪೂರ್ತಿ ನುಡಿಸಿದರೆ ಮೈ ಸಡಿಲವಾಗುತ್ತದೆ, ಭುಜದ ಬಿಗಿ ಹೋಗುತ್ತದೆ, ಎಣಿಸುವುದು ತಾನೇ ನಿಲ್ಲುತ್ತದೆ. ಎಷ್ಟು ಪಾಠ ಹೇಳಿಸಿಕೊಂಡರೂ ಅದು ಬಾಯಿಮಾತಿನಲ್ಲಿ ಬರುವಂಥದ್ದಲ್ಲ.

ಹೊಸ ಕೋಲು

'ಬಿಲೀ ಜೀನ್' ಮನುಷ್ಯರ ಕೈ ಅಂತ ಗೊತ್ತೇ ಇರಲಿಲ್ಲ! ಇವತ್ತು ಪೂರ್ತಿ ಅದನ್ನೇ ಕೇಳುತ್ತಿದ್ದೇನೆ. ಹಾಗಾದರೆ ನಿಜವಾಗಿಯೂ ಮೆಷಿನ್ ಇರುವ ಹಾಡುಗಳನ್ನು ಬಿಟ್ಟುಬಿಡಲಾ? ನನ್ನ ಹರೆಯದ ಹಾಡುಗಳೆಲ್ಲ ಅವೇ. ಬಿಡಲು ಮನಸ್ಸಿಲ್ಲ.

ಹಳೆ ರೆಕಾರ್ಡ್

ಯಾಕೆ ಬಿಡಬೇಕು? ಅವುಗಳ ಒಳಗೂ ಡ್ರಮ್ಮರ್‌ಗಳೇ ಇದ್ದಾರೆ.

1980ರಲ್ಲಿ ಎರಡು ಮೆಷಿನ್ ಬಂದವು. ಲಿನ್ ಎಲ್‌ಎಂ-1 ನಿಜವಾದ ಡ್ರಮ್ಸ್ ದನಿಯನ್ನು ಮುದ್ರಿಸಿ ಇಟ್ಟುಕೊಂಡಿತ್ತು. ರೋಲ್ಯಾಂಡ್ ಟಿಆರ್-808 ದನಿಯನ್ನು ವಿದ್ಯುತ್ ಸರ್ಕ್ಯೂಟಿನಿಂದಲೇ ಹುಟ್ಟಿಸುತ್ತಿತ್ತು. ಮಾರ್ವಿನ್ ಗೇ ಅವರ 1982ರ 'ಸೆಕ್ಷುಯಲ್ ಹೀಲಿಂಗ್' ಹಾಡಿನಲ್ಲಿ ಕೇಳಿಸುವುದು ಈ 808. ಇಂಥ ಹಾಡುಗಳು ಅಭ್ಯಾಸಕ್ಕೆ ಬಂಗಾರ. ವೇಗ ಒಂದಿಷ್ಟೂ ಅಲುಗುವುದಿಲ್ಲ, ಮೆಟ್ರೊನೋಮ್ ಬದಲು ಹಾಕಿಕೊಳ್ಳಬಹುದು.

ಇನ್ನು ಹಿಪ್-ಹಾಪ್. 1973ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಡಿಜೆ ಕೂಲ್ ಹರ್ಕ್ ಎರಡು ಟರ್ನ್‌ಟೇಬಲ್ ಇಟ್ಟುಕೊಂಡು, ಹಾಡಿನಲ್ಲಿ ಬರೀ ಡ್ರಮ್ಸ್ ಕೇಳಿಸುವ ತುಣುಕನ್ನೇ ಉದ್ದ ಮಾಡಿ ನುಡಿಸಲು ಶುರು ಮಾಡಿದರು. ಆ ತುಣುಕಿಗೆ ಬ್ರೇಕ್ ಅನ್ನುತ್ತಾರೆ. ಜೇಮ್ಸ್ ಬ್ರೌನ್ ತಂಡದ 'ಫಂಕಿ ಡ್ರಮ್ಮರ್' ರೆಕಾರ್ಡ್ ಆದದ್ದು 1969ರಲ್ಲಿ. ಕ್ಲೈಡ್ ಸ್ಟಬಲ್‌ಫೀಲ್ಡ್ ಅದರಲ್ಲಿ ಒಬ್ಬರೇ ನುಡಿಸುವ ಬ್ರೇಕ್ ಲೆಕ್ಕವಿಲ್ಲದಷ್ಟು ಹಿಪ್-ಹಾಪ್ ಹಾಡುಗಳ ಬುಡದಲ್ಲಿದೆ. ಹಾಡು ಬರೆದವರ ಹೆಸರಿನಲ್ಲಿ ಅವರದ್ದು ಇರಲಿಲ್ಲ, ಹಾಗಾಗಿ ಹಣವೂ ಅವರಿಗೆ ಸರಿಯಾಗಿ ಸೇರಲಿಲ್ಲ. ಅದೇ 1969ರ 'ಆಮೆನ್, ಬ್ರದರ್' ಹಾಡಿನಲ್ಲಿ ಗ್ರೆಗರಿ ಕೋಲ್ಮನ್ ನುಡಿಸಿದ ನಾಲ್ಕು ಬಾರ್‌ಗಳ (ತಾಳದ ನಾಲ್ಕು ಸುತ್ತಿನ) ಬ್ರೇಕ್ ಇದೆ. ಕೆಲವೇ ಸೆಕೆಂಡು. ಅದನ್ನು ಕತ್ತರಿಸಿ, ವೇಗ ಹೆಚ್ಚಿಸಿ, ತಿರುಗಿ ಜೋಡಿಸಿಯೇ ಜಂಗಲ್, ಡ್ರಮ್ ಆ್ಯಂಡ್ ಬಾಸ್ ಅನ್ನುವ ಸಂಗೀತ ಬೆಳೆದದ್ದು.

ನಿಮ್ಮ ಇಷ್ಟದ ಹಾಡಿನಲ್ಲಿ ಯಾವ ಹಳೆಯ ಹಾಡಿನ ತುಣುಕು ಇದೆ ಅಂತ ಹುಡುಕಿ. ಅಲ್ಲಿಂದ ಹಿಂದಕ್ಕೆ ಹೋಗಿ. ಹರೆಯದ ಹಾಡೇ ನಿಮಗೆ ಬಾಗಿಲು ತೆರೆಯುತ್ತದೆ.

ರೈಡ್

ಒಂದು ವಿಷಯದಲ್ಲಿ ನನಗೆ ಇಲ್ಲಿ ಎಲ್ಲರ ಜೊತೆ ಭಿನ್ನಾಭಿಪ್ರಾಯ ಇದೆ. ಎಲ್ಲ ಹಾಡನ್ನೂ ಪಾಠ ಮಾಡಿಕೊಂಡುಬಿಟ್ಟರೆ ಹೇಗೆ? ವೇಗ ಎಷ್ಟು, ಬೀಟ್ ಯಾವುದು, ನನ್ನ ಕೈಗೆ ಆಗುತ್ತಾ ಅಂತಲೇ ಕೇಳುತ್ತಾ ಹೋದರೆ, ಕೈಗೆ ಸಿಗದ ಸಂಗೀತವೆಲ್ಲ ಪಟ್ಟಿಯಿಂದ ಹೊರಗೆ ಹೋಗುತ್ತದೆ. ದೊಡ್ಡವರಾಗಿ ಕಲಿಯುವವರಿಗೆ ಇರುವ ದೊಡ್ಡ ಅನುಕೂಲವೇ ಕಿವಿ. ಕೈ ಹೊಸದಿರಬಹುದು, ಆದರೆ ಕಿವಿ ದಶಕಗಟ್ಟಲೆ ಸಂಗೀತ ಕೇಳಿದೆ. ಅದನ್ನು ಕೈಯ ಮಟ್ಟಕ್ಕೆ ಇಳಿಸಬೇಡಿ.

ಜಾಝ್ ಉದಾಹರಣೆ ತೆಗೆದುಕೊಳ್ಳಿ. ಮೈಲ್ಸ್ ಡೇವಿಸ್ ಅವರ 1959ರ 'ಕೈಂಡ್ ಆಫ್ ಬ್ಲೂ' ಆಲ್ಬಂನಲ್ಲಿ ಡ್ರಮ್ಸ್ ಜಿಮ್ಮಿ ಕಾಬ್. ಅಲ್ಲಿ ತಾಳ ಹಿಡಿಯುವುದು ರೈಡ್ ಸಿಂಬಲ್ ಅನ್ನುವ ದೊಡ್ಡ ಲೋಹದ ತಟ್ಟೆ. ರಾಕ್‌ನ ಹಾಗೆ ಕಿಕ್ ಮತ್ತು ಸ್ನೇರ್ ಹಾಡನ್ನು ಹೊರುವುದಿಲ್ಲ. ಸುಮ್ನೆ ಕೂತು ರೈಡ್ ಒಂದನ್ನೇ ಕೇಳಿ. ಮುಂದಿನ ಸಲ ಸ್ನೇರ್ ಮೇಲೆ ಬ್ರಷ್ ಉಜ್ಜುವುದನ್ನು ಕೇಳಿ. ಅದಾದ ಮೇಲೆ 1963ರಲ್ಲಿ ಹದಿನೇಳನೇ ವಯಸ್ಸಿಗೆ ಅದೇ ಡೇವಿಸ್ ತಂಡ ಸೇರಿದ ಟೋನಿ ವಿಲಿಯಮ್ಸ್ ಅವರನ್ನು ಕೇಳಿ. ಅದೇ ರೈಡ್, ಆದರೆ ನೆಲ ಒಂದು ಕಡೆ ನಿಲ್ಲುವುದಿಲ್ಲ, ವೇಗವೂ ಒತ್ತೂ ಕಣ್ಣೆದುರೇ ಬದಲಾಗುತ್ತವೆ. ಇದ್ಯಾವುದನ್ನೂ ನಾನು ನುಡಿಸಲಾರೆ. ಆದರೂ ಇದನ್ನು ಕೇಳಲು ಶುರು ಮಾಡಿದ ಮೇಲೆ ನನ್ನ ಹೈ-ಹ್ಯಾಟ್ ಕೈ ಹಗುರವಾಯಿತು ಅಂತ ಕಲಿಸುವವರೇ ಗುರುತಿಸಿ ಹೇಳಿದರು.

ಕಿಕ್ ಸ್ನೇರ್

ರೈಡ್, ನೀವು ಹೇಳಿದ್ದು ಸರಿ ಇದೆ. ನಾನು ಎರಡನ್ನೂ ಬೇರೆ ಮಾಡಿ ಇಟ್ಟಿದ್ದೇನೆ. ನುಡಿಸಲು ಒಂದು ಚಿಕ್ಕ ಪ್ಲೇಲಿಸ್ಟ್, ಕೇಳಲು ಇನ್ನೊಂದು ದೊಡ್ಡದು. ಒಂದರಿಂದ ಇನ್ನೊಂದಕ್ಕೆ ಹಾಡು ಯಾವಾಗ ದಾಟಬೇಕು ಅನ್ನುವುದನ್ನು ಕೈಗೇ ಬಿಟ್ಟಿದ್ದೇನೆ.

ಐದೆಣಿಕೆ

ಎಣಿಕೆ ಬದಲಾದರೆ ಸಾಕು, ಹೊಸ ಲೋಕ ತೆರೆಯುತ್ತದೆ. ನಾಲ್ಕರ ತಾಳ ಕೈಗೆ ಕೂತ ಮೇಲೆ ಐದರದ್ದನ್ನು ಕೇಳಿ. ಡೇವ್ ಬ್ರೂಬೆಕ್ ಕ್ವಾರ್ಟೆಟ್‌ನ 1959ರ 'ಟೇಕ್ ಫೈವ್', ಡ್ರಮ್ಸ್ ಜೋ ಮೊರೆಲ್ಲೊ. ಪಿಯಾನೊ ಮೂರು ಮತ್ತು ಎರಡಾಗಿ ನಡೆಯುತ್ತದೆ: ತಕಿಟ ತಕ, ತಕಿಟ ತಕ. ನಮ್ಮ ಕರ್ನಾಟಕ ಸಂಗೀತದ ಖಂಡಛಾಪು ತಾಳ ಎರಡು ಮತ್ತು ಮೂರು, ಇಲ್ಲಿ ಅದು ತಿರುಗಾಮುರುಗಾ. ಬಾಯಲ್ಲಿ ಹೇಳಿಕೊಂಡು ಕೇಳಿದರೆ ಮೊರೆಲ್ಲೊ ಸೋಲೊ ನುಡಿಸುವಾಗಲೂ ದಾರಿ ತಪ್ಪುವುದಿಲ್ಲ. ಸೋಲೊ ಉದ್ದಕ್ಕೂ ಪಿಯಾನೊ ಆ ಐದನ್ನು ಹಿಡಿದೇ ಇರುತ್ತದೆ. ಅದರಲ್ಲಿ ಅವರು ಎಷ್ಟು ಜಾಗ ಖಾಲಿ ಬಿಡುತ್ತಾರೆ ನೋಡಿ!

ಎಡಗೈ

ದನಿಯ ಹಿಂದೆಯೂ ಹೋಗಬಹುದು. ಲೆಡ್ ಜೆಪ್ಪೆಲಿನ್‌ನ 1971ರ 'ವೆನ್ ದ ಲೆವಿ ಬ್ರೇಕ್ಸ್' ಹಾಡಿನ ಡ್ರಮ್ಸ್ ಅನ್ನು ಒಂದು ಹಳೆಯ ಮನೆಯ ಹಜಾರದಲ್ಲಿಟ್ಟು, ಮೈಕ್‌ಗಳನ್ನು ಮಹಡಿಯ ಮೆಟ್ಟಿಲಿನ ಮೇಲಿಂದ ತೂಗುಬಿಟ್ಟು ಮುದ್ರಿಸಿದರು. ಸೈಮನ್ ಮತ್ತು ಗಾರ್ಫಂಕಲ್ ಅವರ 1969ರ 'ದ ಬಾಕ್ಸರ್' ಹಾಡಿನ ಆ ದೊಡ್ಡ ಡ್ರಮ್ ಪೆಟ್ಟು ಹಾಲ್ ಬ್ಲೇನ್ ಅವರದ್ದು, ಲಿಫ್ಟ್ ಪಕ್ಕದ ಮೊಗಸಾಲೆಯಲ್ಲಿ ಮುದ್ರಿಸಿದ್ದು. ಜಾಗವೂ ವಾದ್ಯದ ಒಂದು ಭಾಗ ಅನ್ನುವುದು ಇವೆರಡನ್ನು ಕೇಳಿದ ಮೇಲೆ ಗೊತ್ತಾಯಿತು.

ಹೆಡ್‌ಫೋನ್ ಹಾಕಿಕೊಂಡು ಜೊತೆಗೆ ನುಡಿಸುವವರಿಗೆ ಒಂದು ಮಾತು. ಡ್ರಮ್ಸ್ ದನಿ ಸುಲಭವಾಗಿ 100 ಡೆಸಿಬೆಲ್ ದಾಟುತ್ತದೆ. 85 ಡೆಸಿಬೆಲ್‌ನಲ್ಲಿ ದಿನಕ್ಕೆ 8 ಗಂಟೆ ಮಿತಿ, ಪ್ರತಿ 3 ಡೆಸಿಬೆಲ್ ಏರಿದಾಗ ಸಮಯ ಅರ್ಧ ಅನ್ನುವುದು ಕೆಲಸದ ಜಾಗದ ಸುರಕ್ಷತೆ, ಆರೋಗ್ಯ ನೋಡುವ ಅಮೆರಿಕದ ನಿಯೋಶ್ ಸಂಸ್ಥೆಯ ಲೆಕ್ಕ. ಆ ಲೆಕ್ಕದಲ್ಲಿ 100ಕ್ಕೆ 15 ನಿಮಿಷವಷ್ಟೇ. ಡ್ರಮ್ಸ್ ಮೀರಿ ಹಾಡು ಕೇಳಿಸಲಿ ಅಂತ ವಾಲ್ಯೂಮ್ ಏರಿಸಬೇಡಿ. ಹೊರಗಿನ ಸದ್ದು ತಡೆಯುವ, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ತೆಗೆದುಕೊಳ್ಳಿ.

ಮೆಲುಪೆಟ್ಟು

ಆಫ್ರಿಕಾ ಮತ್ತು ಜಮೈಕಾ ಬಗ್ಗೆ ಯಾರೂ ಹೇಳಲಿಲ್ಲವಲ್ಲ!

ಬಾಬ್ ಮಾರ್ಲಿ ತಂಡದ ಕಾರ್ಲ್ಟನ್ ಬ್ಯಾರೆಟ್ ನುಡಿಸಿದ ಒನ್ ಡ್ರಾಪ್ ಅನ್ನುವ ರೆಗೆ ಬೀಟ್‌ನಲ್ಲಿ ಮೊದಲ ಎಣಿಕೆ ಖಾಲಿ. ಕಿಕ್ ಮತ್ತು ಸ್ನೇರ್ ಎರಡೂ ಮೂರಕ್ಕೆ ಒಟ್ಟಿಗೆ ಬೀಳುತ್ತವೆ. ಒಂದಕ್ಕೆ ಕಿಕ್ ಹೊಡೆದು ಹೊಡೆದು ಅಭ್ಯಾಸವಾದ ಕಾಲಿಗೆ ಇದು ಬಹಳ ಒಳ್ಳೆಯ ಕೆಲಸ. ನೈಜೀರಿಯಾದ ಫೇಲಾ ಕೂಟಿ ತಂಡದ ಟೋನಿ ಆಲನ್ ಅವರನ್ನು ಕೇಳುವಾಗ ಪೂರ್ತಿ ಹಾಡಿಗೆ ಸಮಯ ಇಟ್ಟುಕೊಳ್ಳಿ. 1976ರ 'ಜೋಂಬಿ' ಹನ್ನೆರಡು ನಿಮಿಷಕ್ಕೂ ಮೇಲಿದೆ. ನಾಲ್ಕು ಕೈಕಾಲು ನಾಲ್ಕು ಮಾತು ಆಡುತ್ತವೆ, ಆದರೂ ಯಾವುದೂ ಜೋರಿಲ್ಲ.

ಹೊಸ ಕೋಲು

ಎಲ್ಲರಿಗೂ ತುಂಬಾ ಧನ್ಯವಾದ. ಇಷ್ಟು ಸಿಗುತ್ತದೆ ಅಂದುಕೊಂಡಿರಲಿಲ್ಲ. ರೋಜರ್ ಹಾಕಿನ್ಸ್ ಹಿಂದೆ ಹೊರಟಿದ್ದೇನೆ. 'ಐ'ಲ್ ಟೇಕ್ ಯು ದೇರ್' ಮನಸ್ಸಿಗೆ ಹಿಡಿಸಿಬಿಟ್ಟಿತು. ಕಿಕ್ ಸ್ನೇರ್ ಹೇಳಿದ ಹಾಗೆ ಎರಡು ಪ್ಲೇಲಿಸ್ಟ್ ಮಾಡಿದ್ದೇನೆ. ನುಡಿಸುವುದರಲ್ಲಿ ಸದ್ಯ ನಾಲ್ಕೇ ಹಾಡು, ಕೇಳುವುದು ಮಾತ್ರ ಬೆಳೆಯುತ್ತಲೇ ಇದೆ.

ಮೆಲುಪೆಟ್ಟು, ಒನ್ ಡ್ರಾಪ್ ಕೇಳುವಾಗ ನನಗೆ ಒಂದು ಎಲ್ಲಿದೆ ಅಂತಲೇ ಸಿಗುತ್ತಿಲ್ಲ. ಕಿಕ್ ಬಿದ್ದ ಕಡೆ ಒಂದು ಅಂತ ಕಿವಿ ಹಟ ಹಿಡಿಯುತ್ತದೆ. ನೀವು ಹೇಗೆ ಹಿಡಿಯುತ್ತೀರಿ?

ಮೆಲುಪೆಟ್ಟು

ಡ್ರಮ್ಸ್ ಬಿಟ್ಟುಬಿಡಿ, ಗಿಟಾರ್ ಹಿಡಿಯಿರಿ. ಚಿಕ್ಕದಾಗಿ 'ಚಕ್' ಅನ್ನುತ್ತದಲ್ಲ, ಅದು ಎರಡು ಮತ್ತು ನಾಲ್ಕಕ್ಕೆ ಬೀಳುತ್ತದೆ. ಎರಡು ಚಕ್‌ಗಳ ನಡುವೆ ಕಿಕ್ ಬಿದ್ದರೆ ಅದು ಮೂರು, ಏನೂ ಬೀಳದಿದ್ದರೆ ಅದು ಒಂದು. ಅನುಮಾನ ಬಂದರೆ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಎಲ್ಲಿ ಬದಲಾಗುತ್ತದೆ ಅಂತ ಬಾಸ್ ಕೇಳಿ, ಸಾಮಾನ್ಯವಾಗಿ ಒಂದಕ್ಕೇ ಬದಲಾಗುತ್ತದೆ. ಕೋಲು ಕೆಳಗಿಟ್ಟು, ಆ ಖಾಲಿ ಒಂದಕ್ಕೆ ಎಡಗಾಲಿನಲ್ಲಿ ನೆಲ ತಟ್ಟುತ್ತಾ ಒಂದು ಹಾಡು ಪೂರ್ತಿ ಕೇಳಿ. ಬಲಗಾಲು ಕಿಕ್‌ನದ್ದು, ಅದು ಮೂರನ್ನು ಕಾಯಲಿ.